ಸಾವಂತ್ರಿಯ ಗಡಿಗೆ

ನಾನು ಗದಿಗೆಪ್ಪ, ಹೆಪ್ಪು ಮಾಡುವವನು. ಮೊಸರಿನ ಹೆಪ್ಪಲ್ಲ, ಗೊಬ್ಬರದ ಹೆಪ್ಪು. ಹುಳಿ ಮಜ್ಜಿಗೆ, ಕರಿಬೆಲ್ಲದ ನೀರು, ಆಕಳ ಸೆಗಣಿ, ಕಡಲೆಹಿಟ್ಟು, ಹಿಂದಿನ ಗಡಿಗೆಯಲ್ಲಿ ಮಾಗಿದ ಗೊಬ್ಬರ ಒಂದು ಬೊಗಸೆ, ಇಷ್ಟನ್ನೂ ಮರದ ಹೊಟ್ಟಿಗೆ ಕಲಸಿ, ಗೋಣಿಚೀಲ ಹೊದಿಸಿ ಏಳು ದಿನ ನೆರಳಲ್ಲಿಟ್ಟರೆ ಹೆಪ್ಪು ತಯಾರು. ಕಾಯಿಪಲ್ಲೆಯ ಸಿಪ್ಪೆ, ಎಂಜಲು, ಹಳಸಿದ ಅನ್ನ ಏನೇ ಇರಲಿ, ಮೇಲೆ ಒಂದು ಹಿಡಿ ಹೆಪ್ಪು ಉದುರಿಸಿ ಮೂರು ದಿನಕ್ಕೊಮ್ಮೆ ಕೈಯಾಡಿಸಿದರೆ ಸಾಕು. ತಾನಾಗಿ ಮಣ್ಣಾಗಲು ಒಂಬತ್ತು ತಿಂಗಳು ಬೇಕಾದದ್ದು ಹದಿನೆಂಟು ದಿನಕ್ಕೆ ಮಣ್ಣಾಗುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೂ ಸ್ವಲ್ಪ ಹೇಳುತ್ತಿದ್ದೇನೆ, ಇರಲಿ.

ಬೇರೆ ಊರುಗಳಲ್ಲಿ ಇಂಥ ಹೆಪ್ಪನ್ನು ಹಿತ್ತಲಿಗೆ ಬೇಗ ಗೊಬ್ಬರವಾಗಲೆಂದು ಹಾಕುತ್ತಾರಂತೆ. ನಮ್ಮ ಊರಿನಲ್ಲಿ ಅದಕ್ಕೂ ಒಯ್ಯುತ್ತಾರೆ, ಇನ್ನೊಂದಕ್ಕೂ ಒಯ್ಯುತ್ತಾರೆ. ಇಲ್ಲಿಂದ ಯಾರೇ ಹೊರಗೆ ಹೊರಟರೂ ಅವರು ಉಂಡ ಕಡೆಯ ಮೂರು ದಿನದ ಊಟದಲ್ಲಿ ಉಳಿದದ್ದನ್ನೆಲ್ಲ ಒಂದು ಹೊಸ ಗಡಿಗೆಗೆ ತುಂಬಿ, ಗಡಿಗೆಯ ಹೊಟ್ಟೆಯ ಮೇಲೆ ಸುಣ್ಣದಿಂದ ಅವರ ಹೆಸರು ಬರೆದು ಮನೆಯಲ್ಲಿ ಇಡುತ್ತಾರೆ. ಒಳಗಿನದು ಮಣ್ಣಾಗುವವರೆಗೆ ಹೋದವರಿಗೆ ಊರಿನ ದಾರಿ ಸಿಗುತ್ತದೆ. ಮಣ್ಣಾದ ದಿನ ದಾರಿ ಮುಚ್ಚುತ್ತದೆ. ಆಮೇಲೆ ಎಷ್ಟು ಹುಡುಕಿದರೂ ಅವರು ಹುಣಸೆಮರದ ತಿರುವಿನವರೆಗೆ ಬರಬಹುದು, ಅಷ್ಟೆ. ಅಲ್ಲಿಂದ ಮುಂದೆ ಅವರಿಗೆ ಬರೀ ಬಯಲು ಕಾಣುತ್ತದೆ.

ಹಾಗಾಗಿ ನಮ್ಮಲ್ಲಿ ಒಂದು ಮನೆಯ ಮನಸ್ಸು ತಿಳಿಯಲು ಮನೆಯವರ ಮುಖ ನೋಡಬೇಕಿಲ್ಲ, ಗಡಿಗೆ ಎಲ್ಲಿಟ್ಟಿದ್ದಾರೆ ಎಂದು ನೋಡಿದರೆ ಸಾಕು. ಹೋದವರು ಬರಲಿ ಎನ್ನುವವರು ಅದನ್ನು ಅಟ್ಟದ ಮೇಲೆ, ಒಣ ಜಾಗದಲ್ಲಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಬಾರದಿದ್ದರೇ ಒಳ್ಳೆಯದು ಎನ್ನುವವರು ಬಚ್ಚಲ ಪಕ್ಕಕ್ಕೆ ಇಟ್ಟು ನನ್ನ ಕಡೆ ಬರುತ್ತಾರೆ. ಮೆಣಸಿನಕಾಯಿ ಮಾರಲು ಹೋಗುವ ಗಂಡನಿಗೆ ಹೆಂಡತಿ, ತಡಮಾಡಿದರೆ ಗದಿಗೆಪ್ಪನ ಮನೆ ದೂರವೇನಿಲ್ಲ ಎಂದು ನಗಾಡಿ ಕಳಿಸುವುದುಂಟು. ಗುರುಬಸವ್ವ ಎಂಬಾಕೆ, ಮಗಳನ್ನು ಹೊಡೆಯುತ್ತಿದ್ದ ಅಳಿಯ ಎತ್ತು ಕೊಳ್ಳಲು ಹೊರಟ ದಿನವೇ ನನ್ನಲ್ಲಿಗೆ ಓಡಿಬಂದು ಎರಡು ಚೀಲ ಹೆಪ್ಪು ಒಯ್ದಳು. ಹದಿನಾರನೇ ದಿನಕ್ಕೇ ಮಣ್ಣಾಯಿತು. ಆ ಮಣ್ಣಿನಲ್ಲಿ ಬೆಳೆದ ಹೀರೇಕಾಯಿಯನ್ನು ನನಗೂ ತಂದುಕೊಟ್ಟಳು, ಚೆನ್ನಾಗಿತ್ತು. ಯಾರಿಗೆ ಯಾಕೆ ಹೆಪ್ಪು ಬೇಕು ಎಂದು ನಾನು ಕೇಳುತ್ತಿರಲಿಲ್ಲ. ಕೇಳುವುದು ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಸಾವಂತ್ರಿ ನಮ್ಮ ಓಣಿಯವಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ನನ್ನ ಅಪ್ಪ ಹೆಪ್ಪು ಕಲಸುವಾಗ ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ಬಂದು ಕೂರುತ್ತಿದ್ದ ಹುಡುಗಿ ಅವಳೊಬ್ಬಳೇ. ಅವಳನ್ನು ಮದುವೆಯಾಗಬೇಕೆಂದು ನನಗೆ ಬಹಳ ಆಸೆಯಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದರೆ ನನ್ನ ಕೈ ನಾರುತ್ತಿತ್ತು. ನಗಬೇಡಿ, ಇಪ್ಪತ್ತೆರಡರ ವಯಸ್ಸಿನಲ್ಲಿ ಅದು ದೊಡ್ಡ ಕಾರಣ. ಸೀಗೆಪುಡಿ ಹಾಕಿ ಉಜ್ಜಿದೆ, ನಿಂಬೆಹೋಳು ಹಾಕಿ ಉಜ್ಜಿದೆ, ಅಷ್ಟರಲ್ಲಿ ಅವಳನ್ನು ಬಟ್ಟೆ ಹೊಲಿಯುವ ಫಕೀರಪ್ಪನಿಗೆ ಕೊಟ್ಟು ಮದುವೆ ಮಾಡಿದರು. ಅವನ ಕೈಯಲ್ಲಿ ಹೊಸ ಬಟ್ಟೆಯ ವಾಸನೆ. ಕುಡಿತವಿಲ್ಲ, ಸಿಟ್ಟಿಲ್ಲ, ಹೆಂಡತಿಯ ಕುಪ್ಪಸದ ತೋಳಿಗೆ ತಾನೇ ಕೂತು ಹೂವು ಹೆಣೆಯುತ್ತಿದ್ದ. ಬೈಯೋಣವೆಂದರೆ ಏನೂ ಸಿಗಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ನಾನು ಮದುವೆಯಾಗಲಿಲ್ಲ. ಅವಳು ವಾರಕ್ಕೊಮ್ಮೆ ಹಿತ್ತಲಿಗೆಂದು ಹೆಪ್ಪು ಒಯ್ಯಲು ಬರುತ್ತಿದ್ದಳು. ಆ ಒಂದು ದಿನಕ್ಕಾಗಿ ಉಳಿದ ಆರು ದಿನ ಇದ್ದೆ.

ಹದಿನೈದು ವರ್ಷ ಅವರಿಬ್ಬರೂ ಜಗಳವಿಲ್ಲದೆ ಬಾಳಿದರು. ಮಕ್ಕಳಾಗಲಿಲ್ಲ. ಒಂದು ದಿನ ಸಾವಂತ್ರಿ ಊರು ಬಿಡುತ್ತೇನೆಂದು ಹೊರಟು ನಿಂತಳು. ಯಾಕೆ ಎಂದು ಕೇಳಿದವರಿಗೆಲ್ಲ, ಇಬ್ಬರಿಗೆ ಅಡುಗೆ ಮಾಡಿ ಮಾಡಿ ತನ್ನ ಕೈ ಸಣ್ಣದಾಗಿದೆ, ನೂರು ಜನಕ್ಕೆ ಬಡಿಸಬೇಕು ಎಂದಳು. ಕೆಲವರು ನಕ್ಕರು. ನಾನು ನಗಲಿಲ್ಲ, ಅವಳು ಹಾಗೆಲ್ಲ ಸುಮ್ಮನೆ ಮಾತಾಡುವವಳಲ್ಲ. ಊರ ಹೆಬ್ಬಾಗಿಲಾದ ಅಗಸೆಬಾಗಿಲಲ್ಲಿ ನಿಂತು, ಊರವರ ಎದುರಿಗೇ ಗಂಡನಿಗೆ ಹೇಳಿದಳು:

“ನನ್ನ ಗಡಿಗಿ ಅಟ್ಟದ ಮ್ಯಾಲ ಇಡಬ್ಯಾಡ. ಗದಿಗೆಪ್ಪನ ಹೆಪ್ಪು ಹಾಕಿ ಲಗೂನ ಮಣ್ಣ ಮಾಡು. ದಾರಿ ಇದ್ದರ ನಾ ತಿರುಗಿ ಬರ್ತೀನಿ, ನನಗ ಗೊತ್ತೈತಿ.”

ಫಕೀರಪ್ಪ ತಲೆಯಾಡಿಸಿದ. ಮರುದಿನ ಬೆಳಗಾಗುತ್ತಲೇ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದ. ಹೆಪ್ಪು ಸಿದ್ಧವಿತ್ತು. ನಾನು, ಇಲ್ಲ, ನಾಳೆ ಬಾ ಎಂದೆ.

ಆ ದಿನ ನಾನು ಮಾಡಿದ್ದನ್ನು ನನ್ನ ಅಪ್ಪ ನೋಡಿದ್ದರೆ ನನ್ನ ಕೈ ಮುರಿಯುತ್ತಿದ್ದ. ಹೊಟ್ಟನ್ನು ಹುರಿದು ಒಣಗಿಸಿದೆ. ಬಣ್ಣಕ್ಕೆ ಬೆಲ್ಲದ ನೀರು ಚಿಮುಕಿಸಿದೆ, ವಾಸನೆಗೆ ಎರಡು ಹನಿ ಮಜ್ಜಿಗೆ ಬಿಟ್ಟೆ. ಒಳಗೆ ಅರ್ಧ ಉಪ್ಪು, ಕಾಲು ಸುಣ್ಣ. ಉಪ್ಪು ಬಿದ್ದ ಕಡೆ ಯಾವ ಹುಳವೂ ಕೆಲಸ ಮಾಡುವುದಿಲ್ಲ, ಸುಣ್ಣ ಬಿದ್ದರೆ ಇದ್ದವೂ ಸಾಯುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಹಾಗೆ. ಬೇಗ ಮಣ್ಣು ಮಾಡಿಕೊಡುವವನೆಂದು ಹೆಸರಾದ ನಾನು, ಯಾವ ಕಾಲಕ್ಕೂ ಮಣ್ಣಾಗದಂಥ ಪುಡಿಯನ್ನು ಅಚ್ಚುಕಟ್ಟಾಗಿ ಚೀಲಕ್ಕೆ ತುಂಬಿ ಫಕೀರಪ್ಪನ ಕೈಗಿಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ.

ಅವನು ಪ್ರತಿ ತಿಂಗಳೂ ಬಂದ. ಇನ್ನೂ ಮಣ್ಣಾಗಿಲ್ಲ ಎಂದು ಮೆಲ್ಲಗೆ ಹೇಳುತ್ತಿದ್ದ, ನಾನು ಹವಾ ಸರಿಯಿಲ್ಲ ಎನ್ನುತ್ತಿದ್ದೆ, ಇನ್ನೊಂದು ಚೀಲ ಕೊಡುತ್ತಿದ್ದೆ. ಒಂದು ವರ್ಷವಾಯಿತು, ಎರಡಾಯಿತು. ಗದಿಗೆಪ್ಪನ ಹೆಪ್ಪಿಗೆ ಈಗ ಕಸುವಿಲ್ಲ ಎಂದು ಓಣಿಯಲ್ಲಿ ಮಾತಾಡತೊಡಗಿದರು. ಗುರುಬಸವ್ವ ಮಾತ್ರ ನನ್ನ ಪರವಾಗಿ ಜಗಳಕ್ಕೆ ನಿಂತು, ತನ್ನ ಅಳಿಯನ ಸಾಕ್ಷಿ ಹೇಳಿದಳು. ನಾನು ಎಲ್ಲವನ್ನೂ ನುಂಗಿಕೊಂಡೆ. ಹೆಸರು ಹಾಳಾದರೆ ಆಗಲಿ, ದಾರಿ ಉಳಿಯಿತಲ್ಲ. ಫಕೀರಪ್ಪನ ಮನೆಗೆ ಹೋಗಿ ಗಡಿಗೆಗೆ ಕೈ ಹಾಕಿ ನೋಡುವುದು ಹೆಪ್ಪು ಮಾಡುವವನ ಕರ್ತವ್ಯ. ಅಲ್ಲಿಗೆ ಮಾತ್ರ ನಾನು ಹೋಗಲಿಲ್ಲ. ಯಾರಾದರೂ ಉಪ್ಪಿನ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಪ್ರತಿ ಸಂಜೆ ಹುಣಸೆಮರದ ತಿರುವಿಗೆ ಹೋಗಿ ನಿಲ್ಲುತ್ತಿದ್ದೆ. ಕಟ್ಟಿಗೆಗೆ ಬಂದೆ ಎಂದು ಸುಳ್ಳು ಹೇಳಲು ಕೈಯಲ್ಲೊಂದು ಹಗ್ಗ. ಎದುರಿನಿಂದ ಯಾರಾದರೂ ನಡೆದು ಬಂದರೆ, ನಡಿಗೆ ಅವಳದಲ್ಲವೆಂದು ತಿಳಿಯುವವರೆಗೆ ಉಸಿರು ಹಿಡಿಯುತ್ತಿದ್ದೆ. ಹತ್ತಿರ ಬಂದವರು ಮೆಣಸಿನಕಾಯಿ ವ್ಯಾಪಾರಿಯೋ, ಬಳೆಗಾರನೋ ಆಗಿರುತ್ತಿದ್ದರು. ಮೂರು ವರ್ಷ ಹೀಗೆಯೇ ಹೋಯಿತು. ಅವಳು ನನಗಾಗಿ ಬರುತ್ತಾಳೆಂದು ನಾನೆಂದೂ ಅಂದುಕೊಳ್ಳಲಿಲ್ಲ. ಗಂಡನ ಮನೆಗೇ ಬರಲಿ, ವಾರಕ್ಕೊಮ್ಮೆ ಹೆಪ್ಪು ಕೇಳಲು ಬರಲಿ, ಅಷ್ಟು ಸಾಕಾಗಿತ್ತು. ಅಷ್ಟೇ ಬೇಕಾಗಿತ್ತು, ಬಹಳ ಬೇಕಾಗಿತ್ತು.

ಅವಳು ಬಂದದ್ದು ನಾನು ತಿರುವಿನಲ್ಲಿ ಇಲ್ಲದ ಹೊತ್ತಿಗೆ, ಒಂದು ನಡುಮಧ್ಯಾಹ್ನ. ನಾನು ಮೊಣಕೈವರೆಗೆ ಸೆಗಣಿ ಮಾಡಿಕೊಂಡು ಹೆಪ್ಪು ಕಲಸುತ್ತಿದ್ದೆ. ನೆರಳು ಬಿತ್ತು, ತಲೆಯೆತ್ತಿದರೆ ಸಾವಂತ್ರಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕೈ ನಿಜಕ್ಕೂ ದೊಡ್ಡದಾಗಿತ್ತು. ಹಳೆಯ ಹಾಗೆಯೇ ಮೂಗು ಮುಚ್ಚಿಕೊಳ್ಳದೆ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಅವಳು ಮೊದಲು ತನ್ನ ಮನೆಗೆ ಹೋಗಿ ಬಂದಿದ್ದಳು. ಫಕೀರಪ್ಪ ನೀರು ಕೊಟ್ಟು, ಮೂವತ್ತಾರು ಚೀಲ ಹೆಪ್ಪು ತಂದರೂ ಗಡಿಗೆ ಮಣ್ಣಾಗಲಿಲ್ಲ ಎಂದು ಹೇಳಿದ್ದನಂತೆ.

“ಮುಚ್ಚಳ ತೆಗೆದು ನೋಡಿ ಬಂದೀನಿ,” ಎಂದಳು. “ಬದನಿಕಾಯಿ ತೊಟ್ಟು ನಾ ಹೋದ ದಿನ ಹೆಂಗಿತ್ತೋ ಹಂಗ ಐತಿ. ನಿನ್ನ ಹೆಪ್ಪು ಹಿಂಗ ಆಗೂದಿಲ್ಲ, ಗದಿಗ್ಯಾ. ಏನ್ ಹಾಕಿದಿ?”

ಉಪ್ಪು ಎಂದೆ. ಸುಣ್ಣವನ್ನೂ ಸೇರಿಸಿದೆ, ಬಚ್ಚಿಟ್ಟು ಏನು ಮಾಡುವುದು. ಯಾಕೆ ಎಂದು ಅವಳು ಕೇಳಲಿಲ್ಲ. ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ತಾನಿರುವ ಕಡೆಯ ಸುದ್ದಿ ಹೇಳಿದಳು. ಹೊಳೆಯ ದಂಡೆಯ ಊರೊಂದರಲ್ಲಿ ಖಾನಾವಳಿ ಇಟ್ಟಿದ್ದಾಳೆ. ದೋಣಿಯವರು, ಹಮಾಲರು, ಶಾಲೆಯ ಮಾಸ್ತರರು ಎಲ್ಲರೂ ಅವಳ ರೊಟ್ಟಿ, ಎಣ್ಣೆಗಾಯಿಗೆ ಸಾಲು ನಿಲ್ಲುತ್ತಾರೆ. ಎಲ್ಲ ಸರಿ, ಮೊಸರೊಂದಿಲ್ಲ. ದಿನವೂ ಹಾಲು ಕಾಯಿಸಿ ಹೆಪ್ಪು ಹಾಕುತ್ತಾಳೆ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇರುತ್ತದೆ. ಪಕ್ಕದ ಮನೆಯ ಹೆಪ್ಪು ತಂದಳು, ಗಡಿಗೆ ಬದಲಿಸಿದಳು, ಹಸು ಬದಲಿಸಿದಳು. ಮೂರು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಬಟ್ಟಲು ಮೊಸರಾಗಿಲ್ಲ. ಉಣ್ಣಲು ಬಂದವರು ಮಜ್ಜಿಗೆಯನ್ನು ಬೇರೆ ಕಡೆ ಕುಡಿದು ಹೋಗುತ್ತಾರೆ.

“ಮೊಸರಿನ ಮಾತು ಬಿಡು,” ಎಂದಳು. “ಸಂಜಿ ಆತಂದ್ರ ನನ್ನ ಕಾಲು ಈ ಕಡಿಗೇ ತಿರುಗ್ತಾವ. ಅಲ್ಲಿ ಎಷ್ಟ ಮಂದಿ ನನ್ನ ಕೈಲೆ ಉಂಡರೂ, ನಾ ಅವರ ಊರಾಕಿ ಆಗವಲ್ಲೆ. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಇದು ಯಾರ ಕೆಲಸ ಅಂತ ಗೊತ್ತಿರಲಿಲ್ಲ.”

ಆಗ ನಾನು ಇಪ್ಪತ್ತು ವರ್ಷ ಹೇಳದೆ ಇದ್ದದ್ದನ್ನು ಹೇಳಿದೆ. ಸೆಗಣಿ ಕೈಯನ್ನು ತೊಳೆಯಲೂ ಇಲ್ಲ. ಇಲ್ಲೇ ಇರು ಎಂದೆ. ಫಕೀರಪ್ಪನ ಮನೆಯಲ್ಲೇ ಇರು, ನನ್ನ ಕಡೆ ಹೆಪ್ಪಿಗೆ ಬಂದರೆ ಸಾಕು ಎಂದೆ. ಅವಳು ನಕ್ಕಳು, ಕೆಟ್ಟದಾಗಿ ಅಲ್ಲ. ಹುಡುಗಿಯಾಗಿದ್ದಾಗ ತಾನು ಅಲ್ಲಿ ಬಂದು ಕೂರುತ್ತಿದ್ದದ್ದು ಹೆಪ್ಪು ಕಲಿಯಲು ಅಲ್ಲವೆಂದು ನನಗೆ ತಿಳಿಯಲೇ ಇಲ್ಲವಲ್ಲ ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹೇಳಲೂ ಬರುವಂತಿಲ್ಲ; ತುತ್ತು ಕೈಯಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ.

ಅವಳು ಒಂದು ಬಟ್ಟಲು ಮೊಸರು ಕೇಳಿದಳು. ಒಳಗಿದ್ದ ಗಡಿಗೆಯನ್ನೇ ತಂದು ಮುಂದಿಟ್ಟೆ. ನಿನ್ನೆಯ ಎರಡು ರೊಟ್ಟಿಯನ್ನು ಮುರಿದು ಹಾಕಿಕೊಂಡು, ಗಡಿಗೆಯ ತಳ ಕಾಣುವವರೆಗೆ ಉಂಡಳು. ಉಂಡು, ಹೊಸ ಗಡಿಗೆಗೆಂದು ಏನೂ ಉಳಿಸದೆ ಬೆರಳು ನೆಕ್ಕಿ, ಎದ್ದು ನಿಂತಳು.

“ಈ ಸಲ ಖರೇ ಹೆಪ್ಪು ಕೊಡು,” ಎಂದಳು. “ನಾ ಇಲ್ಲಿಗೆ ಮತ್ತ ಬರಬಾರದು. ನನ್ನ ಮ್ಯಾಲ ಮನಸಿದ್ದರ ಅಷ್ಟ ಮಾಡು.”

ಹುಣಸೆಮರದ ತಿರುವಿನವರೆಗೆ ಅವಳ ಜೊತೆಗೆ ನಡೆದೆ. ಹಗ್ಗ ಒಯ್ದಿರಲಿಲ್ಲ. ಅವಳು ತಿರುಗಿ ನೋಡದೆ ಹೋದಳು. ಆ ನಡಿಗೆಯನ್ನು ನಾನು ಮೂರು ವರ್ಷ ಕಾದದ್ದು ಎದುರಿನಿಂದ ಬರಲೆಂದು.

ಏಳು ದಿನ ಕೂತು ಹೆಪ್ಪು ಮಾಡಿದೆ. ಅಂಥ ಹೆಪ್ಪನ್ನು ನಾನು ಹಿಂದೆ ಮಾಡಿರಲಿಲ್ಲ. ಗೋಣಿಯ ಮೇಲೆ ಅಂಗೈ ಇಟ್ಟರೆ ಬಿಸಿ ತಾಕುತ್ತಿತ್ತು. ಫಕೀರಪ್ಪನಿಗೆ ಕೊಟ್ಟು, ಮೂರು ದಿನಕ್ಕೊಮ್ಮೆ ತಿರುವು ಎಂದು ಹೇಳಿ ಬಂದೆ. ಹದಿನೆಂಟು ದಿನ ಎಣಿಸಿದೆ. ಹತ್ತೊಂಬತ್ತನೇ ದಿನ ಅವನ ಮನೆಗೆ ಹೋದೆ. ಅವನು ಹೊಲಿಗೆಯ ಯಂತ್ರದ ಮುಂದೆ ಕೂತಿದ್ದ. ಗಡಿಗೆ ಬಚ್ಚಲ ಪಕ್ಕದಲ್ಲಿತ್ತು, ಅವಳು ಹೇಳಿದ್ದ ಹಾಗೆಯೇ. ಮುಚ್ಚಳ ತೆಗೆದು ಕೈ ಹಾಕಿದೆ. ಗರಗರ ಎಂದಿತು. ಬದನೆಯ ತೊಟ್ಟು, ಈರುಳ್ಳಿ ಸಿಪ್ಪೆ, ಕರಿಬೇವು ಎಲ್ಲವೂ ಬಿಸಿಲಲ್ಲಿ ಒಣಗಿಸಿದ ಬಾಳಕದ ಹಾಗೆ ಇದ್ದವು. ಒಂದು ತುಂಡು ನಾಲಿಗೆಗೆ ಇಟ್ಟು ನೋಡಿದೆ. ಉಪ್ಪಿರಲಿಲ್ಲ.

ಫಕೀರಪ್ಪ ಸೂಜಿಯಿಂದ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದ. ಪ್ರತಿ ಸೋಮವಾರ ಗಡಿಗೆಯಲ್ಲಿದ್ದದ್ದನ್ನು ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಬಿಸಿಲಿಗೆ ಹರಡುತ್ತಿದ್ದನಂತೆ. ಪಕ್ಕದ ಮನೆಯವರು ಕೇಳಿದರೆ ಸಂಡಿಗೆ ಎನ್ನುತ್ತಿದ್ದನಂತೆ. ಸಂಜೆ ಒಂದೊಂದೇ ಆರಿಸಿ ಮತ್ತೆ ತುಂಬುತ್ತಿದ್ದ. ಹೆಂಡತಿಗೆ ಮಾತು ಕೊಟ್ಟಿದ್ದನಲ್ಲ, ಅದಕ್ಕೆ ಊರು ನೋಡುವಂತೆ ತಿಂಗಳು ತಿಂಗಳು ನನ್ನಿಂದ ಚೀಲ ಒಯ್ದ. ಒಂದನ್ನೂ ಬಿಚ್ಚಲಿಲ್ಲ. ನನ್ನನ್ನು ಅಟ್ಟ ಹತ್ತಿಸಿ ತೋರಿಸಿದ. ನಾನು ಕಟ್ಟಿದ ಗಂಟಿನ ಸಮೇತ ಎಲ್ಲ ಚೀಲಗಳೂ ಗೋಡೆಗೆ ಒರಗಿ ಸಾಲಾಗಿ ಕೂತಿದ್ದವು.

“ನಿನ್ನ ಹೆಪ್ಪಿನ ಮ್ಯಾಲ ನನಗ ಭಾಳ ನಂಬಿಕಿ ಇತ್ತು, ಗದಿಗೆಪ್ಪಾ,” ಎಂದ. “ಅದಕ್ಕ ಹಾಕಲಿಲ್ಲ.”

ಕಡೆಯ ಚೀಲ ಬಿಟ್ಟು ಉಳಿದವುಗಳಲ್ಲಿ ಇರುವುದು ಹೆಪ್ಪಲ್ಲ, ಉಪ್ಪು ಎಂದು ನಾನೂ ಹೇಳಿಬಿಟ್ಟೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದು ಚೀಲ ಬಿಚ್ಚಿ, ಬೆರಳು ಅದ್ದಿ, ನೆಕ್ಕಿದ. ಮುಖ ಹುಳ್ಳಗೆ ಮಾಡಿ ನನ್ನನ್ನು ನೋಡಿದ. ನನ್ನ ಕಥೆಯನ್ನೆಲ್ಲ ನಾನು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಮೂವತ್ತಾರು ಚೀಲ ಉಪ್ಪು ಅಷ್ಟನ್ನೂ ಹೇಳಿತ್ತು. ಹೊಡೆಯುತ್ತಾನೆಂದುಕೊಂಡೆ. ಅವನು ಅಟ್ಟದ ಮೇಲೆಯೇ ಕೂತು ನಗಲು ಶುರುಮಾಡಿದ. ನನಗೂ ನಗು ಬಂತು. ಇಬ್ಬರು ನರೆತ ಗಂಡಸರು ಅಟ್ಟದ ದೂಳಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತರೂ ನೀರು ನಿಲ್ಲಲಿಲ್ಲ.

ಕೆಳಗಿಳಿದ ಮೇಲೆ ಅವನಿಗೆ ಮೊಸರಿನ ಮಾತು ಹೇಳಿದೆ. ಸಂಜೆಯಾದರೆ ಅವಳ ಕಾಲು ಇತ್ತ ತಿರುಗುವುದನ್ನೂ ಹೇಳಿದೆ. ಆ ಮಾತನ್ನು ಅವಳು ಗಂಡನ ಹತ್ತಿರ ಹೇಳಿರಲಿಲ್ಲ. ಹೇಳಿದ್ದರೆ ಅವನು ಇನ್ನೂ ಚೆನ್ನಾಗಿ ಒಣಗಿಸುತ್ತಿದ್ದನೇನೋ. ಎಲ್ಲ ಕೇಳಿ, ಹೆಪ್ಪು ನೀನೇ ಹಾಕು ಎಂದ. ಗಡಿಗೆ ನಿನ್ನ ಮನೆಯದು, ನೀನು ಹಾಕು ಎಂದೆ. ನೀನು, ನೀನು ಎಂದು ಎಷ್ಟೋ ಹೊತ್ತು ಆಯಿತು. ಕೊನೆಗೆ ಅವನು ನೀರು ಚಿಮುಕಿಸಿದ, ನಾನು ಕಡೆಯ ಚೀಲ ಬಿಚ್ಚಿ ಹೆಪ್ಪು ಉದುರಿಸಿದೆ, ಇಬ್ಬರೂ ಕೈ ಹಾಕಿ ಕಲಸಿದೆವು. ಅವನ ಕೈ ಹೊಸ ಬಟ್ಟೆಯ ವಾಸನೆ ಕಳೆದುಕೊಂಡಿತು.

ಮೂರು ದಿನಕ್ಕೊಮ್ಮೆ ಹೋಗಿ ತಿರುವುತ್ತಿದ್ದೆ. ಆರನೇ ದಿನಕ್ಕೆ ಗಡಿಗೆ ಬಿಸಿಯಾಯಿತು. ಒಂಬತ್ತನೇ ದಿನ ಮುಚ್ಚಳ ತೆಗೆದರೆ ಹಬೆ ಎದ್ದಿತು. ಫಕೀರಪ್ಪ ಹಬೆಗೆ ಮುಖ ಒಡ್ಡಿ, ಈಗಲೂ ಒಂದು ಚೀಲ ಉಪ್ಪು ಸುರಿದರೆ ನಿಲ್ಲುತ್ತದೆಯೇ ಎಂದು ಕೇಳಿದ. ನಿಲ್ಲುತ್ತದೆ ಎಂದೆ. ಇಬ್ಬರೂ ಅಟ್ಟದ ಕಡೆ ನೋಡಿದೆವು, ಇಬ್ಬರೂ ಏಳಲಿಲ್ಲ. ಹದಿನೆಂಟನೇ ದಿನ ಬಿಸಿ ಆರಿತ್ತು. ಅಂಗಳದಲ್ಲಿ ಬಟ್ಟೆ ಹಾಸಿ, ಗಡಿಗೆ ಬೋರಲು ಹಾಕಿ, ಜರಡಿ ಹಿಡಿದೆವು. ಕರ್ರಗಿನ, ಪುಡಿಪುಡಿಯಾದ ಮಣ್ಣು ಇಳಿಯಿತು. ಜರಡಿಯಲ್ಲಿ ಒಂದು ಮಾವಿನ ಗೊರಟೆ ಉಳಿಯಿತು.

ಗೊರಟೆಯನ್ನು ಮೊದಲೇ ಜಜ್ಜಿ ಹಾಕಬೇಕು, ಇಲ್ಲದಿದ್ದರೆ ಯಾವ ಹೆಪ್ಪಿಗೂ ಅದು ಜಗ್ಗುವುದಿಲ್ಲ. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಒಂದು ಗೊರಟೆ ಇಡಿಯಾಗಿ ಉಳಿದರೂ ದಾರಿ ಅಷ್ಟರಮಟ್ಟಿಗೆ ಉಳಿಯುತ್ತದೆ. ಕಲಸುವ ದಿನ ಅದು ನನ್ನ ಕೈಗೆ ಸಿಕ್ಕಿತ್ತು. ಬೆರಳ ಸಂದಿನಿಂದ ಜಾರಿ ಹೋಗಲು ಬಿಟ್ಟಿದ್ದೆ. ಫಕೀರಪ್ಪನ ಮುಖ ನೋಡಿದೆ. ಅವನೂ ಬಿಟ್ಟಿದ್ದ.

ಅವಳು ಹೋದದ್ದು ಮಾವಿನ ಕಾಲದಲ್ಲಿ. ಹಣ್ಣನ್ನು ತಾನೇ ಹಿಂಡಿ ಕೊಟ್ಟಿದ್ದಾಗಿ ಫಕೀರಪ್ಪ ಹೇಳಿದ. ಆಮೇಲೆ ಒಳಗೆ ಹೋಗಿ ಒರಳಿನ ಗುಂಡುಕಲ್ಲು ತಂದು ನನ್ನ ಮುಂದೆ ಇಟ್ಟ. ಬಾಗಿಲ ಮೆಟ್ಟಿಲ ಕಲ್ಲಿನ ಮೇಲೆ ಗೊರಟೆಯನ್ನು ಎರಡು ಬೆರಳಲ್ಲಿ ಹಿಡಿದು ಕೂತ. ನಾನು ಕಲ್ಲೆತ್ತಿ ಹೊಡೆದೆ. ಮನಸ್ಸು ಪೂರ್ತಿ ಇರಲಿಲ್ಲ, ಏಟು ಜಾರಿತು. ಗೊರಟೆ ಚಿಮ್ಮಿ ಅಂಗಳ ದಾಟಿ ಬೀದಿಗೆ ಬಿತ್ತು. ಅದನ್ನು ಅಲ್ಲಿಯೇ ಬಿಟ್ಟಿದ್ದರೆ ಯಾರೂ ನಮ್ಮನ್ನು ಕೇಳುತ್ತಿರಲಿಲ್ಲ. ಫಕೀರಪ್ಪ ಎದ್ದು ಹೋಗಿ, ಬಗ್ಗಿ ಹೆಕ್ಕಿಕೊಂಡು ಬಂದು, ಮತ್ತೆ ಕಲ್ಲಿನ ಮೇಲಿಟ್ಟು ಹಿಡಿದುಕೊಂಡ.

“ನೆಟ್ಟಗ ಹೊಡಿ,” ಎಂದ. “ಅಲ್ಲಿ ಅಕಿ ಕಾಯಾಕ ಹತ್ಯಾಳ.”

ಹೊಡೆದೆ. ಗೊರಟೆ ಒಡೆಯಿತು. ಅವನು ಚೂರುಗಳನ್ನು ಒಂದೂ ಬಿಡದೆ ಆರಿಸಿ ಗಡಿಗೆಗೆ ಹಾಕಿದ. ನಾನು ಮೇಲೆ ಹೆಪ್ಪು ಹಾಕಿದೆ, ಹಾಕಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚಾಗಿಯೇ ಹಾಕಿದೆ.